ಕೂದಲೆಳೆಯಷ್ಟು ಏರು

ಏಪ್ರಿಲ್ 12, ಶನಿವಾರ

ಈ ನೋಟಬುಕ್ಕನ್ನು ನನ್ನ ಬಲಗಾಲಿನ ಪವಿತ್ರ ಸ್ಮರಣೆಗೆ ಅರ್ಪಿಸಿದ್ದೇನೆ. ಕಾಲು ಸತ್ತಿಲ್ಲ. ಮೊಣಕಾಲಿನಿಂದ ಕೆಳಗೆ ಆರು ವಾರ ಪ್ಲಾಸ್ಟರಿನೊಳಗೆ ಅಜ್ಞಾತವಾಸದಲ್ಲಿದೆ.

ಮುಂದಿನ ಪೀಳಿಗೆಯ ಅರಿವಿಗಾಗಿ ಘಟನೆಯ ವಿವರ. ಕಲಘಟಗಿ ಬಸ್‌ಸ್ಟ್ಯಾಂಡಿನ ಎದುರಿನ ಬೇವಿನ ಮರದಲ್ಲಿ ಯುನೂಸ್ ಎಂಬ ಇಪ್ಪತ್ತೊಂದು ವರ್ಷದ ಬಿ.ಕಾಂ. ವಿದ್ಯಾರ್ಥಿ, ಅಂದರೆ ನಾನು, ಒಂದು ಬ್ಲೂಟೂತ್ ಸ್ಪೀಕರ್ ಕಟ್ಟಿದ್ದೆ. ಎದುರಿನ ಚಹಾದಂಗಡಿಯಲ್ಲಿ ಕೂತು ಫೋನಿನಿಂದ ಮರಕ್ಕೆ ಮಾತು ಕೊಡುತ್ತಿದ್ದೆ. ಕೆಳಗೆ ಕಾಯಿಪಲ್ಲೆ ಮಾರುವ ಮರೆವ್ವನನ್ನು ಮರ ಕೇಳಿತು: “ಮರೆವ್ವಾ, ಬದನಿಕಾಯಿ ಹೆಂಗ ಕೊಟ್ಟಿ?” ಮೊದಲ ದಿನ ಆಕೆ ಮರಕ್ಕೆ ಬೈದಳು. ಎರಡನೇ ದಿನ ಕುಂಕುಮ ಹಚ್ಚಿದಳು. ಮೂರನೇ ದಿನ ತೆಂಗಿನಕಾಯಿ ಬಂತು, ಅದರ ಹಿಂದೆ ನಾಲ್ಕು ಮಂದಿ ಕೈಮುಗಿದು ನಿಂತರು. ದೇವರಾಗುವಷ್ಟು ನಾನು ಓದಿಲ್ಲ. ಸ್ಪೀಕರ್ ಬಿಚ್ಚಿ ತರಲೆಂದು ಮರ ಹತ್ತಿದೆ, ಟೊಂಗೆ ಮುರಿಯಿತು. ಮೊದಲು ಫೋನು ಬಿತ್ತು, ಅದರ ಮೇಲೆ ನಾನು.

ಅಬ್ಬಾನ ತೀರ್ಪು: “ಕಾಲ ಕೂಡೂ ತನಕಾ ಹೊಸಾ ಫೋನ ಇಲ್ಲ. ಮರದ ಜೋಡಿ ಮಾತಾಡ ಹೋಗು.”

ಮೆಟ್ಟಿಲು ಹತ್ತಲಾರದ ನನ್ನನ್ನು ಅಜ್ಜನ ಮುಂದಿನ ಕೋಣೆಗೆ ಸಾಗಿಸಿದ್ದಾರೆ. ಅಜ್ಜ ದಾವೂದಸಾಬ ಪೇಟಿ ರಿಪೇರಿಯವರು. ಕಾಲೇಜಿನಲ್ಲಿ ನಾನು ಹಾರ್ಮೋನಿಯಂ ಅನ್ನುತ್ತೇನೆ. ಈ ಮನೆಯಲ್ಲಿ ಹಾಗಂದವನಿಗೆ ಊಟವಿಲ್ಲ. ಅಜ್ಜ ಹದಿನಾರನೇ ವಯಸ್ಸಿಗೆ ಕುಂದಗೋಳಕ್ಕೆ ಹೋಗಿ ಒಬ್ಬ ಉಸ್ತಾದರ ಕೈಕೆಳಗೆ ಕಲಿತು ಬಂದವರು. ಈಗ ಎಪ್ಪತ್ತೆಂಟು. ಪೇಟಿಯೊಳಗೆ ಗಾಳಿಗೆ ಮಿಡಿದು ನಾದ ಕೊಡುವ ಹಿತ್ತಾಳೆಯ ರೀಡುಗಳನ್ನು ಸಣ್ಣ ಅರದಿಂದ ಕೆರೆದು ಕೆರೆದು ಸ್ವರ ಕೂಡಿಸುತ್ತಾರೆ. ಸ್ವರ ತೋರಿಸುವ ಯಂತ್ರವಿಲ್ಲ, ಬರೀ ಕಿವಿ. ಕೋಣೆಯ ತುಂಬ ಸರೇಸಿನ ಅಂಟು, ಹಿತ್ತಾಳೆ ಪುಡಿ, ಹಳೆಯ ಚರ್ಮದ ವಾಸನೆ. ಚಿಕ್ಕವನಿದ್ದಾಗ ಈ ವಾಸನೆಗೇ ನಿದ್ದೆ ಬರುತ್ತಿತ್ತು. ಈಗಲೂ ಬರುತ್ತಿದೆ.

(ಮನೆಯಲ್ಲಿ ಉರ್ದು ಅರ್ಧ, ಕನ್ನಡ ಅರ್ಧ. ಈ ಪುಸ್ತಕದೊಳಗೆ ಎಲ್ಲರೂ ಕನ್ನಡದಲ್ಲೇ ಮಾತಾಡತಕ್ಕದ್ದು.)

ಏಪ್ರಿಲ್ 13, ರವಿವಾರ

ನನ್ನ ಅಕ್ಕ ತಬಸುಮ್ ಆಪಾ ನವಲಗುಂದದಿಂದ ಬಂದಿದ್ದಳು. ಅಲ್ಲಿ ಸಾಲಿ ಕಲಿಸುತ್ತಾಳೆ. ನನ್ನ ಮುಖ ನೋಡಿ ಅಟ್ಟದಿಂದ ಒಂದು ಬಿಸ್ಕೀಟಿನ ಡಬ್ಬಿ ಇಳಿಸಿದಳು.

“ಫೋನ ಇಲ್ಲಂತ ಅಳಬ್ಯಾಡ. ಇದನ್ನ ಹಚಗೊಂಡು ಸುಮ್ಮ ಬಿದ್ಕೋ.”

ಒಳಗೆ ಅವಳ ಹಳೆಯ ಹಾಡಿನ ಪ್ಲೇಯರು. ಬೆರಳುದ್ದ, ನೀಲಿ ಬಣ್ಣ, ಬೆನ್ನಿಗೊಂದು ಕ್ಲಿಪ್ಪು. ಅವಳು ಎಸ್ಸೆಸ್ಸೆಲ್ಸಿ ಪಾಸಾದಾಗ ಅಬ್ಬಾ ಹುಬ್ಬಳ್ಳಿಯಿಂದ ತಂದದ್ದು. ಆಗ ನನಗೆ ಆರು ವರ್ಷ. ಒಂದು ಕಿವಿ ಅವಳದು, ಒಂದು ನನ್ನದು. ವೈರು ಗಿಡ್ಡ, ಅವಳು ಎತ್ತರ. ನನ್ನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ಅಂಗಳ ಕಸ ಹೊಡೆಯುತ್ತಿದ್ದಳು. ಹಾಡು ಕೇಳುವುದೆಂದರೆ ಅವಳ ಸೆರಗಿನ ಸಾಬೂನಿನ ವಾಸನೆಯೂ ಸೇರಿತ್ತು ಎಂದು ನಾನು ಬಹಳ ದಿನ ತಿಳಿದಿದ್ದೆ.

ಚಾರ್ಜಿಗೆ ಹಚ್ಚಿದೆವು. ಹತ್ತು ನಿಮಿಷ ಹೆಣದಂತಿತ್ತು. ಆಮೇಲೆ ಹೆಬ್ಬೆರಳಿನ ಉಗುರಿನಷ್ಟು ಪರದೆ ಬೆಳಗಿತು, ಒಂದು ಹಾಡು ನಟ್ಟನಡುವಿನಿಂದ ಶುರುವಾಯಿತು. ಹದಿಮೂರು ವರ್ಷದ ಹಿಂದೆ ಯಾರೋ ಕರೆದರೆಂದು ಅವಳು ನಿಲ್ಲಿಸಿ ಎದ್ದುಹೋದ ಜಾಗ ಅದು. ಆಪಾ ಪೂರ್ತಿ ಕೇಳಿ, “ಯಾರ್ ಕರದಿದ್ರೋ ಏನೋ” ಅಂದು, ಮುಖ ತಿರುಗಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೋದಳು. ಬಸ್ಸಿಗೆ ಇನ್ನೂ ಒಂದು ತಾಸಿತ್ತು.

ಒಳಗಿನ ಫೋಲ್ಡರುಗಳೆಲ್ಲ ಶಕೀಲನ ಮೊಬೈಲ್ ಅಂಗಡಿಯವು: ‘ಲವ್ ಸ್ಯಾಡ್’, ‘ಭಕ್ತಿ’, ‘ಜನಪದ ಡಿಜೆ ಹೊಸದು 2’. ಆಗ ಇಡೀ ಊರು ಮೆಮೊರಿ ಕಾರ್ಡ್ ಹಿಡಿದು ಅವನ ಮುಂದೆ ನಿಲ್ಲುತ್ತಿತ್ತು. ನೂರು ಹಾಡು ಕೇಳಿದರೆ ತೊಂಬತ್ತು ಹಾಕಿ, ಹತ್ತು ತನಗಿಷ್ಟವಾದವು ತುರುಕುತ್ತಿದ್ದ. ಊರಿನ ಅರ್ಧ ರುಚಿ ಶಕೀಲನ ಮನೆಯ ರುಚಿ. ಈಗ ಫೋನಿನ ಕವರು ಮಾರುತ್ತಾನೆ.

ಕೊನೆಯ ಫೋಲ್ಡರಿನಲ್ಲಿ ‘ಪೇಟಿ’ ಎಂಬ ಒಂದೇ ಫೈಲು. ಅಜ್ಜ ತಮ್ಮ ಸ್ವಂತ ಪೇಟಿಯ ಒಂದೊಂದೇ ಮನೆ, ಅಂದರೆ ಕೀ, ಒತ್ತುತ್ತ ಕೆಳಗಿನಿಂದ ಮೇಲಿನವರೆಗೆ ಹೋಗುತ್ತಾರೆ. ಕಾಲೇಜಿಗೆ ಹೋಗುವಾಗ ಆಪಾ ಅಬ್ಬಾನ ಫೋನಿನಲ್ಲಿ ಹಿಡಿದು ಇದಕ್ಕೆ ಹಾಕಿಸಿದ್ದು. ಮನೆ ನೆನಪಾದರೆ ಹಾಸ್ಟೆಲಿನಲ್ಲಿ ಕೇಳುತ್ತಿದ್ದಳಂತೆ.

ಏಪ್ರಿಲ್ 16, ಬುಧವಾರ

ಇಂದು ವಿಚಾರಣಾ ಆಯೋಗ ರಚನೆಯಾಗಿದೆ. ಅಧ್ಯಕ್ಷರು ನಾನು. ಏಕೈಕ ನ್ಯಾಯಮೂರ್ತಿಗಳು ಅಜ್ಜ. ವಿಷಯ: ಕೈಯಲ್ಲಿ ಹಿಡಿದು ಹಾಡು ಕೇಳುವ ಯಂತ್ರಗಳಲ್ಲಿ ಯಾವುದರ ದನಿ ಚೊಲೋ, ಯಾವುದನ್ನು ಬಳಸುವುದು ಸುಲಭ.

ಕಣದಲ್ಲಿರುವವರು:

ಒಂದು, ಕ್ಲಿಪ್ಪು. ಆಪಾನ ನೀಲಿ ಪ್ಲೇಯರು.

ಎರಡು, ಅಜ್ಜನ ಡಬ್ಬಿ. ರೇಡಿಯೋ ಆಕಾರ, ಬೆನ್ನಿಗೆ ಮೆಮೊರಿ ಕಾರ್ಡಿನ ಸೀಳು, ಕಿವಿಗೆ ಹಚ್ಚುವ ವೈರಿಗೊಂದು ತೂತು. ಹಿಡಿಕೆ ಮುರಿದು ಸುತಲಿ ಕಟ್ಟಿದ್ದಾರೆ.

ಮೂರು, ಸಾಹೇಬ. ಇದು ಗೆಳೆಯ ಪ್ರತಾಪನ ಹಾಡಿನ ಪ್ಲೇಯರು. ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳು ಕೂಡಿಟ್ಟು ತಂದಿದ್ದಾನೆ. ಇಸ್ತ್ರಿ ಪೆಟ್ಟಿಗೆಯಷ್ಟು ತೂಕ, ಮುಂದೆ ಬರೀ ಗಾಜು. ‘ಸ್ಟುಡಿಯೋದಾಗ ಕುಂತಂಗ ಆಗತೈತಿ ಲೇ’ ಅನ್ನುತ್ತಾನೆ. ಕಾಲು ಮುರಿದವನ ಮೇಲಿನ ಕರುಣೆಯಿಂದ ಒಂದು ತಿಂಗಳು ಬಿಟ್ಟುಹೋಗಿದ್ದಾನೆ.

ಉಳಿದೆರಡಕ್ಕೂ ‘ಪೇಟಿ’ ಫೈಲು ಹಾಕಿಸಿದೆ. ಒಂದೇ ಸಾಕ್ಷಿ, ಮೂರು ಬಾಯಿ.

ಅಜ್ಜ ಕಣ್ಣು ಮುಚ್ಚಿ ಕೇಳಿದರು. ಸಾಹೇಬನಿಗೆ: “ದನಿ ಚೊಲೋ. ಆದ್ರ ನನ್ನ ಪೇಟಿಗೆ ಜಳಕಾ ಮಾಡಿಸಿ ಕುಂದ್ರಿಸ್ಯಾರ. ಗಾಳಿ ಊದೂ ಭಸ್ತ್ರಿಯ ಉಸಿರು ಎಲ್ಲಿ ಹೋತು?” ಡಬ್ಬಿಗೆ: “ಇದು ನೆಗಡಿ ಬಂದಾಂವ ಮಾತಾಡಿದಂಗ. ಆದ್ರ ಪರಿಚಯದಾಂವ.” ಕ್ಲಿಪ್ಪಿಗೆ ಮುಖ ಹುಳ್ಳಗೆ ಮಾಡಿದರು.

“ಇದು ಏರತೈತಿ.”

“ಏನು ಏರತೈತ್ರಿ?”

“ಸ್ವರ. ಒಂದು ಕೂದಲೆಳಿಯಷ್ಟು. ನನ್ನ ಪೇಟಿ ಹಿಂಗ ಇಲ್ಲ.”

ನಾನು ನಕ್ಕೆ. ಕ್ಯಾಸೆಟ್ಟಾದರೆ ಟೇಪು ಎಳೆದುಹೋಗುತ್ತದೆ. ಇದರೊಳಗೆ ಬರೀ ಲೆಕ್ಕ, ಲೆಕ್ಕ ಹೇಗೆ ಏರುತ್ತದೆ? ವರದಿಯಲ್ಲಿ ಬರೆದೆ: ‘ನ್ಯಾಯಮೂರ್ತಿಗಳಿಗೆ ವಯಸ್ಸಾಗಿದೆ.’

ನಂತರ ಪರೀಕ್ಷೆಗಾಗಿ ಸಾಹೇಬನನ್ನು ಬಂದ್ ಮಾಡಿ, ಖಾಲಿ ವೈರನ್ನು ಅವರ ಕಿವಿಗೆ ಹಚ್ಚಿ ಕೇಳಿದೆ: “ಇದು ಹೆಂಗೈತ್ರಿ ಅಜ್ಜಾ?” ಅವರು ತಲೆದೂಗುತ್ತ ಮೂರು ನಿಮಿಷ ಕೂತರು. ನಾನು ಬಾಯಿ ಮುಚ್ಚಿಕೊಂಡು ಹೊಟ್ಟೆ ಹಿಡಿದುಕೊಂಡೆ. ವೈರು ತೆಗೆದು ಹೇಳಿದರು:

“ಇವತ್ತ ಕೇಳಿದ್ದರಾಗ ಇದ ಚೊಲೋ. ಒಂದೂ ಸ್ವರ ತಪ್ಪಲಿಲ್ಲ.” ಆಮೇಲೆ ಒಂದು ಕಣ್ಣು ತೆರೆದರು. “ನಿನ್ನ ವಯಸ್ಸಿನ್ಯಾಗ ನಾ ಉಸ್ತಾದರ ಪೇಟಿಯೊಳಗ ಹಲ್ಲಿ ಬಿಟ್ಟಿದ್ದೆ. ಖಾಲಿ ವೈರ ತಂದಾನ, ಖಾಲಿ ವೈರ.”

ಆಯೋಗ ಮುಂದೂಡಲ್ಪಟ್ಟಿತು.

ಏಪ್ರಿಲ್ 19, ಶನಿವಾರ

ಬಳಕೆಯ ಪರೀಕ್ಷೆ. ನಿಯಮ: ಎರಡೂ ಕೈಗೆ ಸರೇಸು ಹತ್ತಿರುವಾಗ ಹಾಡು ಬದಲಿಸಬೇಕು.

ಸಾಹೇಬ ಸೋತ. ಗಾಜಿನ ಮೇಲೆ ಸರೇಸು ಮೆತ್ತಿತು. ಹಾಡು ಬದಲಾಗುವ ಬದಲು ಭಾಷೆ ಬದಲಾಯಿತು. ಈಗ ಅವನು ಚೀನೀ ಭಾಷೆಯಲ್ಲಿ ಮಾತ್ರ ವ್ಯವಹರಿಸುತ್ತಾನೆ. ಪ್ರತಾಪನಿಗೆ ಏನು ಹೇಳಲಿ?

ಡಬ್ಬಿಯ ಗುಂಡಿಗೆ ಗುದ್ದಬೇಕು. ಗುದ್ದಿದರೆ ಒಂದರ ಬದಲು ನಾಲ್ಕು ಹಾಡು ಮುಂದೆ ಹೋಗುತ್ತದೆ.

ಕ್ಲಿಪ್ಪು ಗೆದ್ದಿತು. ಅಂಗಿಯ ಜೇಬಿನೊಳಗಿದ್ದರೂ ಬಟ್ಟೆಯ ಮೇಲಿನಿಂದಲೇ ಹೆಬ್ಬೆರಳಿಗೆ ಗುಂಡಿ ಸಿಗುತ್ತದೆ. ಅಜ್ಜ ನೋಡದೆಯೇ ಹಾಡು ಬದಲಿಸಿದರು, ದನಿ ತಗ್ಗಿಸಿದರು, ನಿಲ್ಲಿಸಿದರು. “ಇದು ಪೇಟಿಯ ಮನಿ ಇದ್ದಂಗ ಐತಿ. ಬೆರಳಿಗೆ ದಾರಿ ಗೊತ್ತಾಗತೈತಿ.”

ಒಂದೇ ದೂರು: “ಆದ್ರ ಹೇಳದ ಕೇಳದ ಸಾಯತೈತಿ.”

“ಹೇಳತೈತ್ರಿ. ಚಾರ್ಜ ಮುಗಿಯೂ ಮೊದಲ ಟೀ ಟೀ ಟೀ ಅಂತೈತಿ.”

“ನನಗೇನೂ ಹೇಳಿಲ್ಲದು.”

ನಾನು ಎಷ್ಟೋ ಸಲ ಕೇಳಿದ್ದೇನೆ, ಸೊಳ್ಳೆಯಂಥ ತೆಳುವಾದ ದನಿ. ವರದಿಯಲ್ಲಿ ‘ವೈರಿನ ದೋಷವಿರಬಹುದು’ ಎಂದು ಬರೆದೆ.

ಏಪ್ರಿಲ್ 24, ಗುರುವಾರ

ಸೆಖೆ. ಪ್ಲಾಸ್ಟರಿನೊಳಗೆ ಇರುವೆ ಹೊಕ್ಕಿದೆ. ಹೊರಬರುವ ಲಕ್ಷಣವಿಲ್ಲ.

ಕ್ಲಿಪ್ಪಿನಲ್ಲಿ ಹುಬ್ಬಳ್ಳಿ ಬಸ್ಸಿನ ಹಾಡು ಬಂತು. ಪಿಯುಸಿಯಲ್ಲಿ ನಾನೂ ಪ್ರತಾಪನೂ ಇದೇ ಹಾಡನ್ನು ಫೋನಿನಲ್ಲಿ ಹಂಚಿಕೊಂಡು ಕೇಳುತ್ತಿದ್ದೆವು. ಕಿಟಕಿಯ ಕಡೆಯವನಿಗೆ ಗಾಳಿ, ಆಚೆಯವನಿಗೆ ಎಡಗಿವಿ. ಎಡಗಿವಿಯಲ್ಲಿ ತಬಲಾ ಮಾತ್ರ ಬರುತ್ತಿತ್ತು. ಎರಡು ವರ್ಷ ಅವನು ಬರೀ ತಬಲಾ ಕೇಳಿದ. ಅದಕ್ಕೇ ಇರಬೇಕು ಅಷ್ಟು ದುಡಿದು ಸಾಹೇಬನನ್ನು ತಂದದ್ದು.

ಏಪ್ರಿಲ್ 28, ಸೋಮವಾರ

ಬಮ್ಮಿಗಟ್ಟಿಯ ಸಣ್ಣಪ್ಪ ಕಾಕಾ ಬಂದಿದ್ದರು. ಹೊಲದ ಕೆಲಸದವರು, ಭಜನಾ ಮಂಡಳಿಯಲ್ಲಿ ಪೇಟಿ ನುಡಿಸುತ್ತಾರೆ. ಪೇಟಿಗೆ ಕಂಬಳಿ ಹೊದಿಸಿ, ಬಸ್ಸಿನಲ್ಲಿ ಕಿಟಕಿಯ ಸೀಟು ಕೊಟ್ಟು, ತಾವು ನಿಂತು ಬಂದರಂತೆ.

“ಮುಂದಿನ ಹದಿನೆಂಟಕ್ಕ ಅಣ್ಣಿಗೇರಿಯಾಗ ಸ್ಪರ್ಧಾ ಐತ್ರಿ ದಾವೂದಸಾಬ್ರ. ಹನ್ನೆರಡು ಮಂದಿ ಆರು ತಿಂಗಳಾತು ಹಾಡಾಕತ್ತೇವಿ. ಪೇಟಿ ಒಂದ ನಮ್ಮನ್ನ ಬೀಳಸೂದು ಈಗ.”

“ಕುಂತು ನುಡಿಸು. ಪೂರಾ ಕೂಡಸೂ ತನಕಾ ಕುಂದ್ರು.”

ಅಜ್ಜನ ಹಳೆಯ ಪದ್ಧತಿ ಇದು. ಗಿರಾಕಿ ಎದುರಿಗೆ ಕೂತು ನುಡಿಸಬೇಕು, ಇವರು ಕೆರೆಯಬೇಕು. ಎರಡು ವರ್ಷದಿಂದ ಈ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ಆದರೆ ಸಣ್ಣಪ್ಪ ಕಾಕಾನಿಗೆ ಬಸ್ಸಿನ ಅವಸರ. “ನಿಮ್ಮ ಕಿವಿ ಇರೂ ತನಕಾ ನಾ ಯಾಕ ಕುಂದ್ರಲಿ?” ಅಂದು ಹೊರಟೇಬಿಟ್ಟರು. ಅಜ್ಜ ಬಾಗಿಲಿಗೆ ಹೋಗಿ ಎರಡು ಸಲ ಕರೆದರು.

ಏಪ್ರಿಲ್ 30, ಬುಧವಾರ

ಇವತ್ತು ಏನೋ ಆಯಿತು. ಆಯೋಗದ ಭಾಷೆಯಲ್ಲಿ ಬರೆಯಲು ಬರುತ್ತಿಲ್ಲ.

ಅಜ್ಜ ಪೇಟಿ ಮುಗಿಸಿ ಕೆಳಗಿನಿಂದ ಮೇಲಕ್ಕೆ ನುಡಿಸಿದರು. ಕೆಳಗೆ, ನಡುವೆ, ಎಲ್ಲ ತುಪ್ಪದಂತಿತ್ತು. ಮೇಲಿನ ಸಪ್ತಕಕ್ಕೆ ಹೋದಾಗ ನನಗೆ ಹಲ್ಲು ಜುಮ್ಮೆಂದಿತು. ನಾಲ್ಕೈದು ಮನೆ ಹುಳಿ. ಎರಡು ವಾರ ‘ಪೇಟಿ’ ಫೈಲನ್ನು ನೂರು ಸಲ ಕೇಳಿರದಿದ್ದರೆ ನನಗೆ ತಿಳಿಯುತ್ತಿರಲಿಲ್ಲ. ಅಜ್ಜ ಅದೇ ಹುಳಿ ಸ್ವರ ಒತ್ತಿ, “ಆತು ನೋಡು” ಅಂದು ಅರ ಒರೆಸಿ ಇಟ್ಟರು.

ಅದೇ ಹೊತ್ತಿಗೆ ಅವರ ಜೇಬಿನ ಕ್ಲಿಪ್ಪು ಟೀ ಟೀ ಟೀ ಅಂದಿತು. ವೈರು ಕಿವಿಯಲ್ಲಿರಲಿಲ್ಲ, ಕೊರಳಲ್ಲಿ ಜೋತುಬಿದ್ದಿತ್ತು. ಕೋಣೆಯ ಈ ಮೂಲೆಗೆ, ನನಗೆ ಕೇಳಿಸಿತು. ಅವರು ಮೀಸೆ ತೀಡುತ್ತ ಕೂತಿದ್ದರು.

ವೈರಿನ ದೋಷವಲ್ಲ.

ಮೇ 1, ಗುರುವಾರ

ಅಜ್ಜಿ ಶರೀಫಾಬಿಗೆ ಅಡಿಗೆಮನೆಯಲ್ಲಿ ಗುಟ್ಟಾಗಿ ಹೇಳಿದೆ. ಅಜ್ಜಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ನಿನಗ ಈಗ ಗೊತ್ತಾತೇನ? ಎರಡು ವರ್ಷಾತು, ಕುಕ್ಕರಿನ ಸೀಟಿ ನಾನ ಎಣಸ್ತೀನಿ. ಮೊದಲ ಅವರ ಎಣಸ್ತಿದ್ರು.”

“ಮತ್ಯಾಕ ಯಾರಿಗೂ ಹೇಳಿಲ್ಲ?”

“ಏನಂತ ಹೇಳ್ಲಿ? ಪೇಟಿ ದಾವೂದಸಾಬಗ ಕಿವಿ ಇಲ್ಲಂತನ? ನಾಳೆಯಿಂದ ಒಂದ ಪೇಟಿ ಬರೂದಿಲ್ಲ ಈ ಮನಿಗೆ. ಪೇಟಿ ಬರಲಿಲ್ಲಂದ್ರ ಅವರು ಏಳೂದಿಲ್ಲ ಹಾಸಿಗಿ ಬಿಟ್ಟು.” ಆಮೇಲೆ ಚಾಕು ನನ್ನ ಕಡೆ ತಿರುಗಿಸಿದಳು. “ನಿನ್ನ ಬಾಯಿ ಬಸ್‌ಸ್ಟ್ಯಾಂಡ್ ಇದ್ದಂಗ ಐತಿ. ಇದನ್ನ ಅಲ್ಲಿ ಇಳಸಬ್ಯಾಡ.”

ಮೇ 3, ಶನಿವಾರ

ಮಧ್ಯಾಹ್ನದ ನಮಾಜು ಮುಗಿಸಿ ಅಜ್ಜ ಒಂದೂವರೆ ತಾಸು ಮಲಗುತ್ತಾರೆ. ಆ ಹೊತ್ತಿನಲ್ಲಿ ಒಂದು ಗುಪ್ತ ಕಾರ್ಯಾಚರಣೆ ನಡೆದಿದೆ. ಕೆರೆಯುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ: ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಹಳೆಯ ಬಿಡಿ ರೀಡುಗಳ ಮೇಲೆ ನಿನ್ನೆಯೆಲ್ಲ ಕೈ ಪಳಗಿಸಿದೆ. ಹನ್ನೊಂದು ರೀಡು ಸತ್ತವು.

ಯಾವ ಸ್ವರಕ್ಕೆ ಕೂಡಿಸಬೇಕು ಎಂಬುದಕ್ಕೆ ‘ಪೇಟಿ’ ಫೈಲು ಇದೆಯಲ್ಲ. ಸಾಹೇಬ ಚೀನೀ ಮಾತಾಡುತ್ತಾನೆ, ಡಬ್ಬಿ ನಾಲ್ಕು ಹೆಜ್ಜೆ ಜಿಗಿಯುತ್ತದೆ. ಕ್ಲಿಪ್ಪನ್ನು ಜೇಬಿಗಿಟ್ಟುಕೊಂಡೆ, ಒಂದು ಕೈಯಲ್ಲಿ ಅರ, ಹೆಬ್ಬೆರಳಿಗೆ ಗುಂಡಿ. ಅದು ಹೇಳುತ್ತದೆ, ನಾನು ಕೆರೆಯುತ್ತೇನೆ. ಮೂರು ಮನೆ ಆಯಿತು. ಬೆವರು ಹುಬ್ಬಿನಿಂದ ಪೇಟಿಯ ಮೇಲೆ ಬೀಳದಂತೆ ಹಣೆಗೆ ಟವೆಲು ಕಟ್ಟಿಕೊಂಡಿದ್ದೆ. ಅಜ್ಜಿ ಬಾಗಿಲಲ್ಲಿ ಕಾವಲು ಕೂತು ಅಕ್ಕಿ ಆರಿಸಿದಳು. ಒಂದೇ ಸೇರು ಅಕ್ಕಿಯನ್ನು ಮೂರು ಸಲ ಆರಿಸಿದಳು.

ಮೇ 6, ಮಂಗಳವಾರ

ಮುಗಿಯಿತು. ಪೂರ್ತಿ ಮೇಲಿನ ಸಪ್ತಕ. ಕ್ಲಿಪ್ಪಿಗೆ ತಾಳೆ ನೋಡಿದೆ, ತಂತಿಯಷ್ಟು ನೇರ.

ಸಂಜೆ ಹಾಲಿನ ಗಾಡಿಯವನು ಬಂದು ಪೇಟಿ ಒಯ್ದ. ಸಣ್ಣಪ್ಪ ಕಾಕಾ ಬರಲಿಲ್ಲ. ಅಜ್ಜ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದರು. “ನುಡಿಸಿ ಒಯ್ಯಬೇಕಿತ್ತು ಅಂವಾ” ಅಂದರು.

ನಾನು ಒಳಗೊಳಗೇ ನಗುತ್ತಿದ್ದೆ. ಇಂಥ ದೊಡ್ಡ ಕಾರಸ್ಥಾನ ಮಾಡಿ ಯಾರಿಗೂ ಹೇಳದೆ ಇರುವುದು ಇದೇ ಮೊದಲು. ಬಹಳ ತ್ರಾಸು.

ಮೇ 9, ಶುಕ್ರವಾರ

ಸಣ್ಣಪ್ಪ ಕಾಕಾ ಪೇಟಿ ಹೊತ್ತು ವಾಪಸು ಬಂದರು. ಜೊತೆಗೆ ಮಂಡಳಿಯ ಇನ್ನೊಬ್ಬ, ಶಿವಾಜಿ ಎಂಬಾತ.

“ದಾವೂದಸಾಬ್ರ, ಸಿಟ್ಟಾಗಬ್ಯಾಡ್ರಿ. ಕೆಳಗ ಬೆಣ್ಣಿ ಆಗೇತಿ. ಮ್ಯಾಲ ಹೋದ್ರ ಗಂಟಲಾಗ ಮುಳ್ಳ ಸಿಕ್ಕಂಗ ಆಗತೈತಿ. ಕೆಳಗಿಂದಕ್ಕೂ ಮ್ಯಾಲಿಂದಕ್ಕೂ ಮಾತುಕತಿ ಇಲ್ಲ.”

ಶಿವಾಜಿ ಹೊಸ್ತಿಲಲ್ಲೇ ನಿಂತಿದ್ದ. “ವಯಸ್ಸಾತಲ್ರಿ, ಕಿವಿ ಎಲ್ಲಾರಿಗೂ ಹಿಂಗ ಆಗೂದ. ಹುಬ್ಬಳ್ಳಿಗೆ ಒಯ್ಯೂಣು ಅಂದೆ, ಈ ಸಣ್ಣಪ್ಪ ಕೇಳಬೇಕಲ್ಲ.”

ಅಜ್ಜ ಭಸ್ತ್ರಿ ಒತ್ತಿ ಮೇಲಿನ ಸ್ವರ ಹಿಡಿದರು. ನನಗೆ ಕೇಳಿಸಿತು. ಅಯ್ಯೋ, ಕೇಳಿಸಿತು. ಮೇಲಿನವು ತಮ್ಮತಮ್ಮೊಳಗೆ ಸರಿಯಾಗಿದ್ದವು, ಆದರೆ ಎಲ್ಲವೂ ಒಟ್ಟಾಗಿ ಒಂದು ಕೂದಲೆಳೆ ಮೇಲೆ ಕೂತಿದ್ದವು. ‘ಇದು ಏರತೈತಿ.’ ಕ್ಲಿಪ್ಪು ಏರುತ್ತದೆ, ಒಳಗಿನ ಲೆಕ್ಕವನ್ನೇ ತುಸು ಅವಸರದಲ್ಲಿ ಓದುತ್ತದೆ. ಅವರು ಮೊದಲ ದಿನವೇ ಹೇಳಿದ್ದರು. ನಾನು ವಯಸ್ಸಾಯಿತು ಎಂದು ಬರೆದಿದ್ದೆ.

ಅಜ್ಜನ ಮುಖದಲ್ಲಿ ಏನೂ ಇರಲಿಲ್ಲ, ಏಕೆಂದರೆ ಕಿವಿಯಲ್ಲಿ ಏನೂ ಇರಲಿಲ್ಲ. ಅವರು ಸಣ್ಣಪ್ಪ ಕಾಕಾನ ಮುಖ ನೋಡಿದರು. ನನ್ನ ಮುಖ ನೋಡಿದರು. ಪೇಟಿಯ ಮೇಲಿನ ಕೈ ಇಳಿಯಿತು.

“ಸಣ್ಣಪ್ಪಾ, ನಿನ್ನ ಮುಂದ ಯಾಕ ಮುಚ್ಚಿಡ್ಲಿ. ಈಗೀಗ ನನಗ ಮ್ಯಾಲಿಂದು...”

“ನಾ ಕೆರದಿನ್ರಿ ಕಾಕಾ,” ಅಂದೆ. “ಅಜ್ಜ ಮಲಗಿದಾಗ. ಮಸ್ಕಿರಿ ಮಾಡಾಕ.”

ಯಾರೂ ಒಂದು ಕ್ಷಣವೂ ಸಂಶಯಪಡಲಿಲ್ಲ. ಇಪ್ಪತ್ತೊಂದು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಮೊದಲ ಸಲ ಉಪಯೋಗಕ್ಕೆ ಬಂತು.

“ಮರದಾಗ ಕುಂತು ದೇವರಾಗಿದ್ದು ಸಾಲಲಿಲ್ಲೇನಲೇ ನಿನಗ?” ಸಣ್ಣಪ್ಪ ಕಾಕಾ ನನ್ನತ್ತ ಬೆರಳು ಚಾಚಿದರು. “ಹೊಲದಾಗ ದುಡದು ಬಂದು ಹಾಡ್ಯಾರಲೇ ಅವರು. ಹನ್ನೆರಡು ಮಂದಿ!” ಶಿವಾಜಿ, “ಇನ್ನೊಂದ ಕಾಲೂ ಮುರೀಬೇಕಿತ್ತು” ಅಂದ. ನಾನು ತಲೆ ತಗ್ಗಿಸಿದೆ. ನಟನೆ ಬೇಕಾಗಲಿಲ್ಲ.

ಅಜ್ಜ ಪೇಟಿಯನ್ನು ತಮ್ಮ ಕಡೆ ಎಳೆದುಕೊಂಡು ಹೇಳಿದರು: “ಪೇಟಿ ಇಟ್ಟು ಹೋಗು ಸಣ್ಣಪ್ಪಾ. ಸೋಮವಾರ ಬಾ.”

ಅವರು ಹೋದ ಮೇಲೆ ಬೈಯುತ್ತಾರೆಂದು ಕಾದೆ. ಅವರು ಕೇಳಿದ್ದು ಒಂದೇ ಮಾತು.

“ಯಾವುದನ್ನ ಕೇಳಕೋತ ಕೂಡಿಸಿದಿ?”

“ಕ್ಲಿಪ್ಪು.”

“ನಾ ಹೇಳಿದ್ನಿಲ್ಲ?”

“ಹೇಳಿದ್ರಿ.”

ಅವರು ಒಂದೊಂದೇ ರೀಡನ್ನು ಬೆಳಕಿಗೆ ಹಿಡಿದು ನೋಡಿದರು. “ಕೆರದಿದ್ದು ಮಾತ್ರ ಸ್ವಚ್ಛ ಐತಿ. ಕೈ ಚೊಲೋ ಐತಿ. ಸಾಕ್ಷಿ ಸುಳ್ಳು ಹೇಳೇತಿ.”

ಮೇ 10, ಶನಿವಾರ

ಬೆಳಿಗ್ಗೆ ಅಜ್ಜ ನನ್ನ ಪ್ಲಾಸ್ಟರಿನ ಕಾಲಿಗೆ ದಿಂಬು ಕೊಟ್ಟು, ಪೇಟಿ ನನ್ನ ಮುಂದಿಟ್ಟು, ತಾವು ಎದುರಿಗೆ ಕೂತರು.

“ಡಬ್ಬಿ ಬ್ಯಾಡ, ಕ್ಲಿಪ್ಪ ಬ್ಯಾಡ. ನಡುವಿನ ಸಾ ಒತ್ತು. ಅದರ ಜೋಡಿ ಮ್ಯಾಲಿನ ಸಾ ಒತ್ತು. ಎರಡರ ನಡುವ ಅಲಿ ಏಳತೈತಿ, ಕೇಳ್ತೈತೇನ?”

ಕೇಳಿಸಿತು. ವಾಂವ್, ವಾಂವ್, ವಾಂವ್, ಬಾವಿಯ ನೀರಿಗೆ ಕೊಡ ತಾಗಿದಂತೆ.

“ಬುಡ ಕೆರಿ. ಅಲಿ ಸಾವಕಾಶ ಆಗತೈತಿ. ಪೂರಾ ನಿಂತ್ರ ಕೂಡಿದಂಗ.”

ಕೆರೆದೆ, ಒತ್ತಿದೆ. ಅಜ್ಜ ಪೇಟಿಯ ಕಡೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

“ನಿನ್ನ ಎಡಗಣ್ಣು ಸಣ್ಣ ಆತು. ಇನ್ನಾ ಅಲಿ ಐತಿ. ಕೆರಿ.”

ಐತಿ. ಹೌದು, ಇತ್ತು.

“ಹುಬ್ಬು ಇಳೀತು. ಸಾಕು, ಕೈ ತಗಿ.”

ಅಲೆ ನಿಂತಿತ್ತು.

“ನಿಮಗ ಕೇಳಸ್ತೇನ್ರಿ?” ಅಂದೆ.

“ಇಲ್ಲ. ಎರಡು ವರ್ಷಾತು. ಗಿರಾಕಿ ಮಾರಿ ನೋಡಿ ಮ್ಯಾಲಿಂದು ಕೂಡಸ್ತೀನಿ. ಹುಳಿ ಇದ್ರ ಎಂಥಾ ಮನಷ್ಯಾನ ಮಾರಿನೂ ಒಂದೀಟು ಮುದುಡತೈತಿ. ಸಣ್ಣಪ್ಪನ ಮಾರಿ ಅಗದಿ ಚೊಲೋ. ಅವತ್ತ ಅಂವಾ ಬಸ್ಸಿಗೆ ಓಡಿದ.” ನನ್ನ ಕಾಲಿನ ದಿಂಬು ಸರಿಮಾಡಿ ಹೇಳಿದರು: “ನಿಂದು ಅವನಕಿಂತಾ ಚೊಲೋ ಐತಿ. ಸುಳ್ಳು ಹೇಳಾಕ ಬರೂದಿಲ್ಲ ನಿನ್ನ ಮಾರಿಗೆ. ಬಾಯಿಗಷ್ಟ ಬರತೈತಿ.”

ಎಂಟು ಮನೆ ಆಯಿತು. ಕುಂದಗೋಳದಲ್ಲಿ ಉಸ್ತಾದರು ಇವರಿಗೆ ಕಲಿಸುವಾಗ ಅಲೆ ಎಣಿಸಲು ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದರಂತೆ. ಹೇಳುತ್ತ ಹೇಳುತ್ತ ಅಜ್ಜ ನನ್ನ ಪ್ಲಾಸ್ಟರಿನ ಮೇಲೆ ಬಡಿದು ತೋರಿಸಿದರು. ಟಕ್, ಟಕ್, ಟಕ್. ನೋವಾಗಲಿಲ್ಲ.

ಮೇ 12, ಸೋಮವಾರ

ಸಣ್ಣಪ್ಪ ಕಾಕಾ ಬಂದು, ನನ್ನ ಕಡೆ ನೋಡದೆ, ಕೂತು ನುಡಿಸಿದರು. ಕೆಳಗಿನಿಂದ ಹೊರಟು ಮೇಲೆ ಹೋಗಿ, ಅಲ್ಲೇ ಸುತ್ತಿ, ಇಳಿದು ಬಂದರು. ಅವರ ಮುಖವನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಅಜ್ಜ ನೋಡಲಿಲ್ಲ. ಬಸಿತಟ್ಟೆಗೆ ಚಹಾ ಸುರುವಿಕೊಂಡು ಕುಡಿಯುತ್ತಿದ್ದರು.

“ಈಗ ಆತ್ರಿ! ಇದು ನಿಮ್ಮ ಕೈ!”

“ಹೂಂ,” ಅಂದರು ಅಜ್ಜ. “ನಮ್ಮ ಕೈ.”

ಮೇ 19, ಸೋಮವಾರ

ಅಣ್ಣಿಗೇರಿಯಲ್ಲಿ ಬಮ್ಮಿಗಟ್ಟಿಗೆ ಎರಡನೇ ಬಹುಮಾನ. ಹಾಲಿನ ಗಾಡಿಯವನ ಕೈಯಲ್ಲಿ ಒಂದು ಚೀಲ ಶೇಂಗಾ ಬಂತು, ಜೊತೆಗೆ ಒಂದು ಸಂದೇಶ: ‘ಆ ಹುಡುಗನ್ನ ಪೇಟಿ ಬಾಜು ಬಿಡಬ್ಯಾಡ್ರಿ.’ ಅಜ್ಜ ಶೇಂಗಾ ಸುಲಿಯುತ್ತ ಸುಲಿಯುತ್ತ ನಕ್ಕು, ಕೆಮ್ಮಿ, ಕಣ್ಣೊರೆಸಿಕೊಂಡರು. ಇಂದು ಕುಂದಗೋಳದಿಂದ ರಿಪೇರಿಗೆ ಇನ್ನೊಂದು ಪೇಟಿ ಬಂದಿದೆ. ನಾಳೆ ಬೆಳಿಗ್ಗೆ ಕೂರುತ್ತೇವೆ.

ಮೇ 24, ಶನಿವಾರ

ಪ್ಲಾಸ್ಟರ್ ತೆಗೆದರು. ಕಾಲು ತೆಳ್ಳಗೆ, ಬೆಳ್ಳಗೆ, ಬೇರೆ ಯಾರದೋ ಇದ್ದಂತಿದೆ. ಇರುವೆ ಸಿಗಲಿಲ್ಲ.

ಬಸ್‌ಸ್ಟ್ಯಾಂಡಿನ ತನಕ ಕುಂಟುತ್ತ ಹೋಗಿಬಂದೆ. ಮರೆವ್ವ ಬೇವಿನ ನೆರಳಿನಿಂದ ಕೂಗಿದಳು: “ಪೇಟಿ ಕೆಡಿಸಿದಾಂವ ಬಂದ ನೋಡ್ರಿ! ಭಕ್ತರ ಸಾಮಾನಿಗೂ ಚ್ಯಾಷ್ಟಿ ಅಂತ!” ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅರ್ಧ ಕೆಜಿ ಬದನೆಕಾಯಿ ಕೊಂಡು ಬಂದೆ.

ಅಬ್ಬಾ ಹೊಸ ಫೋನು ತಂದಿದ್ದಾರೆ. ಅದರ ಪೆಟ್ಟಿಗೆ ಚೊಲೋ ಇದೆ. ಇನ್ನೂ ಬಿಚ್ಚಿಲ್ಲ, ಮಧ್ಯಾಹ್ನ ಕುಂದಗೋಳದ ಪೇಟಿಯ ಕೆಲಸವಿತ್ತು.

ಪ್ರತಾಪ ಸಾಹೇಬನನ್ನು ಒಯ್ದ. ಚೀನೀ ಭಾಷೆಯ ವಿಷಯ ಅವನಿಗೆ ಹುಬ್ಬಳ್ಳಿ ಮುಟ್ಟಿದ ಮೇಲೆ ತಿಳಿಯಲಿದೆ. ಮನುಷ್ಯ ಪೂರ್ತಿ ಸುಧಾರಿಸಬಾರದು.

ಆಯೋಗದ ಅಂತಿಮ ವರದಿ. ದನಿ: ಸಾಹೇಬ ಪ್ರಥಮ. ಪರಿಚಯ: ಡಬ್ಬಿ ಪ್ರಥಮ. ಬಳಕೆ: ಕ್ಲಿಪ್ಪು ಪ್ರಥಮ. ಸತ್ಯ: ಕ್ಲಿಪ್ಪಿಗೆ ಶೂನ್ಯ. ಏಪ್ರಿಲ್ 16ರ ‘ನ್ಯಾಯಮೂರ್ತಿಗಳಿಗೆ ವಯಸ್ಸಾಗಿದೆ’ ಎಂಬ ಸಾಲನ್ನು ಅಧ್ಯಕ್ಷರು ಹೊಡೆದುಹಾಕಿದ್ದಾರೆ.

ಅಷ್ಟಾದರೂ ಅಜ್ಜ ಆರಿಸಿಕೊಂಡದ್ದು ಕ್ಲಿಪ್ಪನ್ನೇ. “ಅದು ಏರತೈತಲ್ರಿ?” ಎಂದೆ.

“ಏರ್ಲಿ ಬಿಡು. ಕೂಡಸೂದು ನಿಂದಾತು. ನನಗ ಇನ್ನ ಬರೇ ಕೇಳೂದು.”

ಈಗ ಕಿಟಕಿಯ ಹತ್ತಿರ ಕೂತು ಕೇಳುತ್ತಿದ್ದಾರೆ. ಒಂದು ವೈರು ಕಿವಿಯಲ್ಲಿ, ಇನ್ನೊಂದು ಎದೆಯ ಮೇಲೆ ಜೋತುಬಿದ್ದಿದೆ, ನಾನು ಬಂದು ಕೂರುವುದಕ್ಕೆ ಬಿಟ್ಟಂತೆ. ಕಣ್ಣು ಮುಚ್ಚಿದ್ದಾರೆ, ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿದೆ.

ಟೀ ಟೀ ಟೀ ಅಂದಿತು. ಅಜ್ಜ ತಲೆ ಎತ್ತಲಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ, ಎದ್ದು ಹೋಗಿ ಚಾರ್ಜಿಗೆ ಹಚ್ಚಬೇಕು.